ಬೆಳ್ಳಿಯ ಬೆನ್ನ ಮೇಲಿನ ಕೆಂಪು

"ಅದರ ಮೇಲಿಂದ ಕೈ ತೆಗೀರಿ."

ಧರ್ಮಪುರದಲ್ಲಿ ಬಸ್ಸಿಳಿದು ಸೀದಾ ಕುರಿರೊಪ್ಪಕ್ಕೇ ಬಂದಿದ್ದ ದೇವಿಕಾಳ ಮೊದಲ ಮಾತು ಅದು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಎದುರಿಗೆ ಗುರುತಿಲ್ಲದ ಯುವಕನೊಬ್ಬ ಮೊಣಕಾಲೂರಿ ಕುಳಿತು, ಅವಳ ಬೆಳ್ಳಿಯ ಹೊಟ್ಟೆಗೆ ಏನನ್ನೋ ಒತ್ತಿ ಹಿಡಿದಿದ್ದ.

ಬೆಳ್ಳಿ ಅಂದರೆ ಅವಳಿಗೆ ಬರೀ ಕುರಿಯಲ್ಲ. ತಾಯಿ ಸತ್ತ ಮರಿಯನ್ನು ಮಡಿಲಲ್ಲಿಟ್ಟು, ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡ ಜೀವ.

ಅವನು ಕೈ ತೆಗೆಯಲಿಲ್ಲ. "ಬೈಯೋಕೆ ಮುಂಚೆ ಇಲ್ಲೊಂಚೂರು ನೋಡ್ರಿ," ಎಂದು ಪಕ್ಕದ ಪುಟ್ಟ ಪರದೆಯನ್ನು ಅವಳ ಕಡೆ ತಿರುಗಿಸಿದ.

ಬೂದು ಮಬ್ಬಿನೊಳಗೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಅದರ ಪಕ್ಕದಲ್ಲೇ ಇನ್ನೊಂದು.

"ಅವಳಿ," ಎಂದ ಅವನು, ತಾನೇ ಬಸುರಿ ಮಾಡಿದವನ ಹಾಗೆ ಬೀಗುತ್ತ. ಆಮೇಲೆ ತನ್ನ ಮುಖಭಾವ ತನಗೇ ಹೊಳೆದು ಕಿವಿ ಕೆಂಪಾಗಿಸಿಕೊಂಡ.

ದೇವಿಕಾ ಜಗಳವನ್ನೇ ಮರೆತಳು. ಬ್ಯಾಗು ಜಾರಿ ಕುರಿಹಿಕ್ಕೆಯ ಮೇಲೆ ಬಿದ್ದದ್ದೂ ಗೊತ್ತಾಗಲಿಲ್ಲ.

ಅವನು ನಾಗಭೂಷಣ. ಹೊಳಲ್ಕೆರೆ ಪೇಟೆಯಲ್ಲಿ ಬೆಳೆದು, ಪಶುವೈದ್ಯ ಓದಿ, ಕುರಿಗಳ ಗಬ್ಬವನ್ನು ಸ್ಕ್ಯಾನಿಂಗಿನಲ್ಲಿ ಬೇಗ ಪತ್ತೆಹಚ್ಚುವ ಸಂಶೋಧನೆಗೆಂದು ಹಟ್ಟಿಯಿಂದ ಹಟ್ಟಿಗೆ ಅಲೆಯುತ್ತಿದ್ದ. ಇವಳೂ ಕಡಿಮೆಯವಳೇನಲ್ಲ. ಚಿತ್ರದುರ್ಗದಲ್ಲಿದ್ದುಕೊಂಡು ಚಂದ್ರವಳ್ಳಿಯ ಗುಹೆಗಳಲ್ಲಿ ಮಾಸಿಹೋದ ಬಣ್ಣದ ಚಿತ್ತಾರಗಳನ್ನು, ಕಣ್ಣಿಗೆ ಕಾಣದ ಬೆಳಕಿನ ಫೋಟೋ ತೆಗೆದು ಮತ್ತೆ ಕಾಣಿಸುವ ಕೆಲಸ ಅವಳದು. ಒಬ್ಬನಿಗೆ ಹೊಟ್ಟೆಯೊಳಗಿನದು ಕಾಣುತ್ತದೆ, ಒಬ್ಬಳಿಗೆ ಗೋಡೆಯೊಳಗಿನದು. ಎದುರಿಗೆ ನಿಂತವರ ಮನಸ್ಸು ಮಾತ್ರ ಇಬ್ಬರಿಗೂ ಕಾಣದು!

"ಇದನ್ನ ಯಾರಿಗೂ ಹೇಳಬ್ಯಾಡ್ರಿ," ಎಂದಳು ಅವಳು. "ಇಷ್ಟು ಬೇಗ ಬಾಯಿಬಿಟ್ರೆ ದೃಷ್ಟಿ ಆಗ್ತೈತೆ. ನಮ್ಮವ್ವನಿಗೂ ಹೇಳಬ್ಯಾಡ್ರಿ."

"ಸೈನ್ಸ್ ಓದಿದೋರು ದೃಷ್ಟಿ ನಂಬ್ತೀರಾ?"

"ಬೆಳ್ಳಿ ವಿಷಯದಾಗೆ ನಂಬ್ತೀನಿ."

ಅವನು ನಗಲಿಲ್ಲ. ಆಣೆ ಮಾಡುವವನ ಹಾಗೆ ತಲೆಯಾಡಿಸಿದ. ಆ ತಲೆಯಾಟಕ್ಕೇ ಇವಳ ಎದೆ ಕರಗಿದ್ದು.

ಅಪ್ಪ ಗೋವಿಂದಪ್ಪ ಆದಿವಾಲಕ್ಕೆ ಮದುವೆಗೆ ಹೋಗಿದ್ದ. ಡಾಕ್ಟ್ರು ಏನು ನೋಡ್ತಾ ಅವ್ರೆ ಅಂತ ಅವ್ವ ನಿಂಗಕ್ಕ ಕೇಳಿದಾಗ, ಏನೋ ಪರೀಕ್ಷೆ ಅಂತಷ್ಟೇ ಹೇಳಿ ದೇವಿಕಾ ಸಂಜೆಯ ಬಸ್ಸು ಹತ್ತಿದಳು. ಉಳಿದ ಕುರಿಗಳ ತಪಾಸಣೆ ಅವಳು ಹೋದ ಮೇಲೂ ನಡೆದೇ ಇತ್ತು.

ಆ ವಾರ ಅವಳ ಫೋನು ಸುಮ್ಮನಿರಲಿಲ್ಲ. ಅವನು ಆವತ್ತು ತೆಗೆದ ಬೆಳ್ಳಿಯ ಹೊಟ್ಟೆಯ ಚಿತ್ರ ಕಳಿಸಿದರೆ ಇವಳು ಗುಹೆಯ ಗೋಡೆಯ ಚಿತ್ರ ಕಳಿಸಿದಳು. ಇವೆರಡರ ಮಧ್ಯೆ ಊಟ ಆಯ್ತಾ, ಬಿಸಿಲು ಜಾಸ್ತಿ ಐತಾ ಅನ್ನುವ ಮಾತುಗಳು. 'ಇದು ಸ್ನೇಹವಾ... ಬೇರೆ ಏನಾದರೂನಾ?' ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗದಿದ್ದುದೇ ಹಿತವಾಗಿತ್ತು.

ವಾರದ ಕೊನೆಗೆ ಅವ್ವನ ಫೋನು ಬಂತು. ಊರ ಸುದ್ದಿಯೆಲ್ಲ ಹೇಳಿ, ಕಡೆಗೆ ನಿಂಗಕ್ಕ ಅಂದಳು, "ಕೆಂಪು ಬಳಿದಿದ್ದ ಕುರಿ ಎಲ್ಲಾನೂ ಹಿರಿಯೂರಿನ ಕುರಿ ವ್ಯಾಪಾರಿ ಜಂಬಣ್ಣ ಹೊಡ್ಕಂಡು ಹೋದ ಕಣವ್ವಾ. ಬೆಳ್ಳೀನೂ ಹೋತು."

ದೇವಿಕಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

ಅವರ ಹಟ್ಟಿಯಲ್ಲಿ ಕುರಿಯ ಬೆನ್ನಿಗೆ ಕೆಂಪು ಬಳಿದರೆಂದರೆ ಮಾರಾಟಕ್ಕೆ ಬೇರೆ ಮಾಡಿದಂತೆ. ಅಜ್ಜನ ಕಾಲದಿಂದಲೂ ಅದೇ ಗುರುತು.

"ಕೆಂಪು ಬಳಿದೋರು ಯಾರವ್ವಾ?"

"ಡಾಕ್ಟ್ರೇ ಬಳಿದ್ರು. ಕೆಂಪು ಹಾಕಿರೋವನ್ನ ಬೇರೆ ಮಾಡಿ ಕಟ್ರಿ ಅಂದ್ರು. ಏನೋ ರೋಗ ಇದ್ದೀತು, ನೀನೂ ಒಪ್ಪಿರ್ತೀಯ ಅಂದ್ಕಂಡ್ವಿ. ಜಂಬಣ್ಣಂಗೂ ಆ ಡಾಕ್ಟ್ರು ಗೊತ್ತಂತೆ. ಬಸ್‌ಸ್ಟ್ಯಾಂಡಿನಾಗೆ ಟೀ ಕುಡಿಸಿ ನಮ್ಮನೆ ವಿಷಯ ಎಲ್ಲಾ ಕೇಳಿದ್ರಂತೆ."

ಫೋನು ಇಟ್ಟ ಮೇಲೆ ದೇವಿಕಾ ಗೋಡೆಗೊರಗಿ ಕುಳಿತುಬಿಟ್ಟಳು. ಬೆಳ್ಳಿ ಗಬ್ಬ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೆಂಪು ಬಳಿದ! ಗಬ್ಬದ ಕುರಿಗಳನ್ನೇ ಆರಿಸಿ ವ್ಯಾಪಾರಿಗೆ ದಾರಿ ಮಾಡಿಕೊಟ್ಟನಾ? ಹಾಗಿದ್ದರೆ ಆ ಮೆಸೇಜುಗಳೆಲ್ಲ ಯಾಕೆ? ಆ ಕಿವಿ ಕೆಂಪಾದದ್ದು?

ಮನಸ್ಸು ಅವನು ಮೋಸಗಾರ ಅನ್ನುತ್ತಿತ್ತು. ಮರುಗಳಿಗೆಯೇ, ಮೋಸಗಾರ ಹಾಗೆ ತಲೆಯಾಡಿಸುತ್ತಾನಾ ಅಂತ ಕೇಳುತ್ತಿತ್ತು. ಯಾವ ಮಾತನ್ನು ನಂಬಬೇಕು? ಅವನ ಫೋನು ಬಂದಾಗಲೆಲ್ಲ ಅವಳು ಎತ್ತದೆ, ನಿಲ್ಲುವವರೆಗೂ ನೋಡುತ್ತ ಕುಳಿತಳು. ನಿಂತ ಮೇಲೆ ಅತ್ತಳು.

ಮಾರನೆಯ ಬೆಳಿಗ್ಗೆ ಅವಳ ಮಾರ್ಗದರ್ಶಕಿ ಉಷಾ ಮೇಡಂ ಗುಹೆಯ ಒಂದು ಚಿತ್ರವನ್ನು ತೆರೆದಿಟ್ಟುಕೊಂಡು ಗದರಿದರು. ಗೋಡೆಯ ತುಂಬ ಕೆಂಪು ಇತ್ತು. ಅವರು ಅದನ್ನು ಗೋಡೆಯ ತೇವ ಎಂದುಕೊಂಡು ಅರ್ಧ ಪುಟ ಬರೆದುಬಿಟ್ಟಿದ್ದರು. ದೇವಿಕಾ ಆ ಕೆಂಪನ್ನು ಕೊಟ್ಟಿದ್ದು ಅಳಿಸಿಹೋದ ಚಿತ್ತಾರದ ಗೆರೆಗಳಿಗೆ.

"ಕೆಂಪು ಯಾವುದಕ್ಕೆ ಕೊಟ್ಟಿದೀಯ ಅಂತ ಕೆಳಗೆ ಬರೀಬೇಡ್ವೇನಮ್ಮಾ?" ಎಂದರು ಮೇಡಂ. "ಡ್ರೋನಿನಿಂದ ಶೇಂಗಾ ಹೊಲದ ಚಿತ್ರ ತೆಗೆಯೋರಿಗೆ ಕೆಂಪು ಅಂದ್ರೆ ಸೊಂಪಾದ ಬೆಳೆ. ಮೈಬಿಸಿ ಅಳೆಯೋ ಕ್ಯಾಮೆರಾದಲ್ಲಿ ಕೆಂಪು ಅಂದ್ರೆ ಶಾಖ. ನಿನಗೆ ಇನ್ನೇನೋ. ಬಣ್ಣ ಗೋಡೇಲಿಲ್ಲ, ಬಳಿದೋರ ತಲೇಲಿರುತ್ತೆ. ಹೇಳದೆ ನನಗೆ ಹೇಗೆ ಗೊತ್ತಾಗ್ಬೇಕು?"

ದೇವಿಕಾಳಿಗೆ ಈಗ ಗುಹೆಯ ಗೋಡೆ ಕಾಣುತ್ತಿರಲಿಲ್ಲ, ಬೆಳ್ಳಿಯ ಬೆನ್ನು ಕಾಣುತ್ತಿತ್ತು.

ಅವನು ಪೇಟೆಯ ಹುಡುಗ. ಹಟ್ಟಿಯ ಕೆಂಪು ಅವನಿಗೆಲ್ಲಿ ಗೊತ್ತು? ಗಬ್ಬದವಕ್ಕೆ ಗುರುತು ಬೇಕಿತ್ತು, ಕೈಗೆ ಸಿಕ್ಕಿದ ಬಣ್ಣ ಬಳಿದ. ಒಳ್ಳೆ ಮೇವು ಹಾಕಲಿ ಅಂತ ಬೇರೆ ಕಟ್ಟಲು ಹೇಳಿದ. ಯಾಕೆ ಅಂತ ಹೇಳಲಿಲ್ಲ... ಯಾಕೆಂದರೆ ಅವನ ಬಾಯಿ ಕಟ್ಟಿದವಳು ಇವಳೇ! ದೃಷ್ಟಿ ತಾಗಬಾರದು ಅಂತ.

'ಆದರೆ ಜಂಬಣ್ಣನ ಹತ್ತಿರ ನಮ್ಮನೆ ವಿಷಯ ಕೇಳಿದ್ದು ಯಾಕೆ?' ಆ ಮುಳ್ಳು ಮಾತ್ರ ಹೊರಬರಲಿಲ್ಲ. ಅದನ್ನು ಎದೆಯಲ್ಲಿಟ್ಟುಕೊಂಡೇ ಅವಳು ಹಿರಿಯೂರಿನ ಬಸ್ಸು ಹತ್ತಿದಳು. ಬೆಳ್ಳಿ ಇನ್ನೂ ಉಳಿದಿರಲಿ ಅಂತ ದಾರಿಯುದ್ದಕ್ಕೂ ಮನೆದೇವರಿಗೆ ಮೊರೆಯಿಟ್ಟಳು.

ಜಂಬಣ್ಣನ ದೊಡ್ಡಿಯ ಬಾಗಿಲಲ್ಲೇ ಅವಳ ಕಾಲು ನಿಂತಿತು. ಕುರಿಗಳ ನಡುವೆ ನಾಗಭೂಷಣ ಮೊಣಕಾಲೂರಿ ಕುಳಿತಿದ್ದ. ತಲೆ ಕೆದರಿತ್ತು, ಅಂಗಿಯೆಲ್ಲ ಧೂಳು. ಅವನ ತೋಳಲ್ಲಿ ಬೆಳ್ಳಿ, ಪಕ್ಕದಲ್ಲಿ ಅದೇ ಪುಟ್ಟ ಪರದೆ. ಜಂಬಣ್ಣ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡುತ್ತಿದ್ದ.

ಇವಳು ಫೋನು ಎತ್ತದ್ದಕ್ಕೆ ಗಾಬರಿಯಾಗಿ ಅವನು ಹಟ್ಟಿಗೇ ಹೋಗಿದ್ದನಂತೆ. ನಿಂಗಕ್ಕ ಕೆಂಪಿನ ಸಂಗತಿ ಹೇಳಿದ್ದೇ ತಡ, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಇಲ್ಲಿಗೆ ಓಡಿಬಂದಿದ್ದನಂತೆ. ಇಷ್ಟನ್ನೂ ಹೇಳಿದವನು ಜಂಬಣ್ಣ.

"ಬಾರವ್ವ ದೇವಿಕಾ," ಎಂದ ಆತ. "ಗಬ್ಬದ ಕುರಿ ಕತ್ತಿಗೆ ಕೊಡೋ ಪಾಪ ನಂಗ್ಯಾಕೆ? ಎಲ್ಲಾ ಇಲ್ಲೇ ಅವೆ, ಹೊಡ್ಕಂಡು ಹೋಗ್ರಿ. ದುಡ್ಡಿನ ಲೆಕ್ಕ ನಿಮ್ಮಪ್ಪನ ಹತ್ರ ಮಾಡ್ಕಂತೀನಿ. ಆದ್ರೆ ಈ ಹುಡುಗನ್ನ ಏನು ಮಾಡಾಣ? ಆವತ್ತು ಟೀ ಕುಡಿಸಿ, ಗೋವಿಂದಪ್ಪನ ಮಗಳಿಗೆ ಎಲ್ಲಾದ್ರೂ ಗಂಡು ಗೊತ್ತು ಮಾಡ್ಯಾರಾ ಅಂತ ಕೇಳ್ದ. ಕುರಿ ವ್ಯಾಪಾರಿನ ಕೇಳೋ ಮಾತಾ ಇದು?"

ದೇವಿಕಾಳ ಎದೆಯ ಮುಳ್ಳು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ನಾಗಭೂಷಣ ತಲೆಯೆತ್ತಲೇ ಇಲ್ಲ. ಎರಡು ಕಿವಿಯೂ ಕೆಂಪಗಾಗಿದ್ದವು. ಆ ಕೆಂಪಿನ ಅರ್ಥವನ್ನು ಯಾರೂ ಬರೆದುಕೊಡಬೇಕಿರಲಿಲ್ಲ.

ಜಂಬಣ್ಣ ಜೇಬಿನಿಂದ ಅರಿಶಿನದ ಪೊಟ್ಟಣ ತೆಗೆದು ಅವಳ ಕೈಗಿಟ್ಟು, ನೀರು ತರುವ ನೆಪ ಹೇಳಿ ಹೊರಗೆ ಹೋದ. ಸಂತೆಯಿಂದ ಮನೆಗೆ ತಿರುಗಿದ ಕುರಿಗೆ ಅರಿಶಿನ ಹಚ್ಚುವುದು ಅವರ ಪದ್ಧತಿ. ಅವಳು ಬೆಳ್ಳಿಯ ಹಣೆಗೆ ಹಚ್ಚಿದಳು.

"ತಪ್ಪಾಯ್ತು," ಎಂದ ಅವನು ಮೆಲ್ಲಗೆ. "ಒಂದು ಮಾತು ಕೇಳಿ ಬಳಿಬೇಕಿತ್ತು."

"ನಾನೂ ಒಂದು ಮಾತು ಕೇಳ್ಬೇಕಿತ್ತು. ಫೋನೇ ಎತ್ತಲಿಲ್ಲ."

"ಕೆಂಪು ಅಂದ್ರೆ ಮಾರೋದು ಅಂತ ಈಗ ಗೊತ್ತಾತು. ಈ ಅರಿಶಿನ?"

"ಇದು ಮನೆಯದು, ಇನ್ನ ಎಲ್ಲಿಗೂ ಕಳಿಸಲ್ಲ ಅಂತ."

ಅವನು ಬೆಳ್ಳಿಯನ್ನು ಬಿಟ್ಟು, ಧೂಳು ಮೆತ್ತಿದ ತನ್ನ ಕೈಯನ್ನು ಅವಳ ಮುಂದೆ ಚಾಚಿದ.

ದೇವಿಕಾ ಬೆರಳಲ್ಲಿ ಉಳಿದಿದ್ದ ಅರಿಶಿನವನ್ನು ಅವನ ಮಣಿಕಟ್ಟಿಗೆ ನಿಧಾನವಾಗಿ ಹಚ್ಚಿದಳು.

"ನಿಮ್ಮಪ್ಪ ಕೇಳಿದ್ರೆ ಏನಂತೀಯ?" ಅವನು ಮೊದಲ ಸಲ ಏಕವಚನಕ್ಕೆ ಇಳಿದಿದ್ದ.

"ಗುರುತು ಹಾಕಿ ಆಗೈತೆ ಅಂತೀನಿ. ಏಳು, ಕುರಿ ಹೊಡ್ಕಂಡು ಮನೆಗೆ ಹೋಗಾಣ."