ಎರಡು ಗುಂಡು, ಒಂದೇ ಸದ್ದು

"ಐನೋ ಮಿಸ್ ತರಗತೀಲಿ ಮಾಡೋ ಪ್ರಯೋಗ ನೋಡೋಕೆ ಚೆಂದ. ಆದ್ರೆ ಮಕ್ಕಳ ತಲೆಗೆ ಏನೂ ಹೋಗ್ತಿಲ್ಲ."

ಸಡ್ಬರಿ ಊರಿನ ಹೈಸ್ಕೂಲಿನ ಮೀಟಿಂಗಿನಲ್ಲಿ, ಎಲ್ಲರ ಮುಂದೆ ಹೀಗೆಂದವನು ಬೇರಾರೂ ಅಲ್ಲ... ರೆಮಿ! ಐನೋಳ ಪಕ್ಕದ ತರಗತಿಗೆ ಫಿಸಿಕ್ಸ್ ಕಲಿಸುವವನು. ಬರುವ ಜುಲೈನಲ್ಲಿ ಅವಳನ್ನು ಮದುವೆಯಾಗಬೇಕಿದ್ದವನು!

ಪ್ರಿನ್ಸಿಪಾಲರು ಅವಳ ಪ್ರಯೋಗದ ಪೀರಿಯಡ್‌ಗಳನ್ನು ಅಲ್ಲೇ ಅರ್ಧಕ್ಕಿಳಿಸಿದರು. ರೆಮಿಯ ತುಟಿಯಲ್ಲಿ ನಗು ಕಂಡಿತು ಐನೋಗೆ. ಉರಿದುಹೋದಳು.

ಕಾರಿಡಾರಿನಲ್ಲಿ ಉಂಗುರ ಕಿತ್ತು ಅವನ ಅಂಗೈಗೆ ತುರುಕಿದಳು.

"ಐನೋ, ಒಂದ್ನಿಮಿಷ ಕೇಳು..."

"ಕೇಳೋದೇನು? ಇನ್ಮೇಲೆ ನನ್ನ ಹೆಸರೆತ್ತಬೇಡ!"

ಹಾಲು ಒಡೆದರೆ ಚೆಲ್ಲಿಬಿಡಬಹುದು. ಪ್ರೀತಿ ಒಡೆದರೆ ಅದೇ ಸ್ಟಾಫ್ ರೂಮಿನಲ್ಲಿ ದಿನಾ ಎದುರು ಕೂರಬೇಕಲ್ಲ! ಚಳಿಗಾಲವಿಡೀ ಇಬ್ಬರೂ ಮುಖ ತಿರುಗಿಸಿಕೊಂಡೇ ಕಾಫಿ ಕುಡಿದರು.

ಏಪ್ರಿಲ್‌ನಲ್ಲಿ, ಅವನ ಮಾತು ಸುಳ್ಳೆಂದು ತೋರಿಸುವ ಹಟಕ್ಕೆ, ಐನೋ ಮಕ್ಕಳನ್ನೇ ಕೇಳಿದಳು.

"ಹೋದ ತಿಂಗಳು ಜಿಮ್ ಬಾಲ್ಕನಿಯಿಂದ ಕಬ್ಬಿಣದ ಗುಂಡು, ಮರದ ಗುಂಡು ಒಟ್ಟಿಗೆ ಬಿಟ್ಟೆನಲ್ಲ, ಮೊದಲು ಬಿದ್ದಿದ್ದು ಯಾವ್ದು?"

"ಕಬ್ಬಿಣದ್ದು ಮಿಸ್!" ಮುಂದಿನ ಸಾಲಿನ ಬ್ರಿಯೆಲ್ ಥಟ್ಟನೆ ಅಂದಳು.

"ಒಂದೇ ಸದ್ದು ಬಂತಲ್ವೇನೇ?"

"ಇಲ್ಲ ಮಿಸ್, ಎರಡು! ನಾನೇ ಕಣ್ಣಾರೆ ನೋಡ್ದೆ!"

ಅರ್ಧ ತರಗತಿ ಹೌದೌದೆಂದು ತಲೆಯಾಡಿಸಿತು.

ಭಾರದ್ದೇ ಮೊದಲು ಬೀಳಬೇಕೆಂದು ತೀರ್ಮಾನಿಸಿದ್ದ ಮಕ್ಕಳು ಅದನ್ನೇ ಕಂಡಿದ್ದರು. ರೆಮಿ ಹೇಳಿದ್ದು ನಿಜ!

ಐನೋ ಮಕ್ಕಳನ್ನು ಮತ್ತೆ ಬಾಲ್ಕನಿಗೆ ಕರೆದೊಯ್ದಳು. ಈ ಸಲ ಮೊದಲು ಪಂತ ಕಟ್ಟಿಸಿದಳು, ವಾದ ಮಾಡಿಸಿದಳು, ಆಮೇಲೇ ಗುಂಡು ಬಿಟ್ಟಳು. ಧಡ್! ಒಂದೇ ಸದ್ದು.

"ಅಯ್ಯೋ ಮಿಸ್... ಹಾಗಾದ್ರೆ ಆವತ್ತು ನಾನು ನೋಡಿದ್ದೇನು?!" ಬ್ರಿಯೆಲ್ ಕಂಗಾಲಾಗಿ ಕೇಳಿದಳು.

ಆ ಪ್ರಶ್ನೆ ಐನೋಳ ಎದೆಗೇ ನಾಟಿತು. 'ಆವತ್ತು ಮೀಟಿಂಗಿನಲ್ಲಿ... ನಾನು ನೋಡಿದ್ದೇನು?'

ಅವಳು ಹುಡುಕಿಕೊಂಡು ಹೋದಾಗ ರೆಮಿ ತನ್ನ ತರಗತಿಯ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ದೂರದ ಟಿಮಿನ್ಸ್ ಊರಿನ ಶಾಲೆಗೆ ವರ್ಗ ಕೇಳಿ ಪಡೆದಿದ್ದ.

"ರೆಮಿ, ಆವತ್ತು ನೀನು ನಕ್ಕೆಯಾ?"

ಅವನು ತಲೆಯೆತ್ತಲಿಲ್ಲ. "ನಕ್ಕಿದ್ದು ಪ್ರಿನ್ಸಿಪಾಲ್. ಪೀರಿಯಡ್ ಕಡಿಮೆ ಮಾಡ್ಬೇಡಿ ಅಂತ ಆಮೇಲೆ ಅವರ ಹತ್ರ ಗೋಗರೆದೆ. ನಿನ್ನ ಮನೆಗೂ ಬಂದೆ. ನೀನು ಬಾಗಿಲೇ ತೆಗೀಲಿಲ್ಲ."

ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಎಲ್ಲರ ಮುಂದೆ ಯಾಕೆ ಹೇಳ್ದೆ? ನನಗೊಬ್ಬಳಿಗೇ ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು. ತಪ್ಪಾಯ್ತು. ಹೇಳಿದ್ರೆ ಕೇಳ್ತಿದ್ಯಾ?"

"...ಇಲ್ಲ."

ಇಬ್ಬರಿಗೂ ನಗು ಬರಲಿಲ್ಲ.

"ವರ್ಗ ರದ್ದು ಮಾಡ್ಸೋಕಾಗಲ್ವಾ?"

"ಆಗಲ್ಲ ಐನೋ. ಸಹಿ ಹಾಕಾಯ್ತು."

ಕಳೆದುಹೋದ ಚಳಿಗಾಲ ಯಾರ ಕೈಗೂ ಮತ್ತೆ ಸಿಗುವಂತಿರಲಿಲ್ಲ. ಅವಳು ಕಣ್ಣೊರೆಸಿಕೊಂಡಳು.

"ಶನಿವಾರ ಶನಿವಾರ ನಾನೇ ಅಲ್ಲಿಗೆ ಬರ್ತೀನಿ. ನಿನ್ನ ಮೇಲೆ ಪ್ರೀತಿ ಇನ್ನೂ ಹೋಗಿಲ್ಲ ಕಣೋ. ಏನ್ಮಾಡ್ಲಿ?"

"ನನ್ನ ಕೋಪವೂ ಇನ್ನೂ ಹೋಗಿಲ್ಲ."

"ಇರಲಿ. ಬಾಗಿಲು ತೆಗೆದು ಬೈಯಿ."

ರೆಮಿ ಪೆಟ್ಟಿಗೆಯ ಮುಚ್ಚಳ ಮುಚ್ಚಿದ.

"ದಾರೀಲಿ ಇನ್ನೂ ಐಸ್ ಇದೆ... ನಿಧಾನಕ್ಕೆ ಓಡಿಸ್ಕೊಂಡು ಬಾ."