ದುರುಗಪ್ಪನವರ ಕೊನೆಯ ಮೂರು ಕಾಗದ

ಜಂಪಣ್ಣ ಬಂದಾಗ ಅಜ್ಜಮ್ಮ ಜಗಲಿಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅವನು ನ್ಯಾಮತಿಯ ನಾಗರಿಕ ಸೇವಾ ಸಮಿತಿಯ ಜವಾನ. ಹದಿನೆಂಟು ವರ್ಷದಿಂದ ಸಮಿತಿಯ ವಾಚನಾಲಯದ ಬೀಗ ತೆಗೆಯುತ್ತಿದ್ದವನು. ಕೂತುಕೋ ಎಂದರೂ ಕೂರದೆ ಕಂಬಕ್ಕೆ ಒರಗಿ ನಿಂತ.

"ಟೀಚರಮ್ಮ ಅದಾರೇನವ್ವ? ನನ್ನ ಕಳ್ಳ ಅಂತಾರೆ."

ಟೀಚರಮ್ಮ ಎಂದರೆ ಸಿದ್ದಲಿಂಗಮ್ಮ. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅಜ್ಜಮ್ಮ ಅದೇ ಶಾಲೆಯಲ್ಲಿ ಮೂವತ್ತು ವರ್ಷ ಗಂಟೆ ಬಾರಿಸಿದ ಆಯಾ. ಇಬ್ಬರಿಗೂ ಊರಲ್ಲಿ ತಮ್ಮವರೆಂಬವರು ಯಾರೂ ಇಲ್ಲದ್ದರಿಂದ ಒಂದೇ ಸೂರಿನಡಿ ಇದ್ದರು. ಊರಲ್ಲಿ ಏನಾದರೂ ಕಳೆದರೆ, ಯಾರ ಮೇಲಾದರೂ ಅಪವಾದ ಬಂದರೆ, ಜನ ಠಾಣೆಗಿಂತ ಮೊದಲು ಈ ಜಗಲಿಗೆ ಬರುತ್ತಿದ್ದರು.

ಜಂಪಣ್ಣನ ಕತೆ ವಿಚಿತ್ರವಾಗಿತ್ತು. ಸಮಿತಿ ಕಟ್ಟಿದ ದುರುಗಪ್ಪನವರು ಮಾರ್ಚ್ ನಾಲ್ಕರಂದು ತೀರಿಕೊಂಡಿದ್ದರು. ಊರಿಗೆ ನಲ್ಲಿ, ಆಸ್ಪತ್ರೆ, ಬಸ್ಸು ತರಿಸಿದ ಮನುಷ್ಯ. ಅವರ ಶಿಫಾರಸು ಕಾಗದವಿದ್ದರೆ ಹೊನ್ನಾಳಿಯ ಕಚೇರಿಗಳಲ್ಲಿ ಕುರ್ಚಿ ಕೊಡುತ್ತಿದ್ದರು. ಈಗ ಅಲ್ಲಿಗೆ ಸಮಿತಿಯ ಹೆಸರು ಅಚ್ಚಾದ ಹಾಳೆಯಲ್ಲಿ, ಅವರ ಸಹಿಯ ಮೂರು ಕಾಗದ ಅಂಚೆಯಲ್ಲಿ ಬಂದಿದ್ದವು. ಮೇಲೆ ಬರೆದ ತಾರೀಖು ಮಾರ್ಚ್ ಹದಿನೈದು, ಹದಿನಾರು, ಹದಿನೆಂಟು.

"ಸಮಿತಿ ಪ್ಯಾಡು ನನ್ನ ಬೀರುವಿನಾಗೆ ಇರ್ತೈತೆ. ಅದಕ್ಕೇ ನಾನೇ ಬರೆದೆ ಅಂತಾರೆ ಕಾರ್ಯದರ್ಶಿಗಳು. ಸೋಮವಾರ ಪೋಲೀಸ್ ಕಂಪ್ಲೇಂಟ್ ಕೊಡ್ತಾರಂತೆ. ನನ್ನ ಅನ್ನ ಹೋತು ಟೀಚರಮ್ಮ."

ಸಿದ್ದಲಿಂಗಮ್ಮ ಕನ್ನಡಕ ಒರೆಸಿಕೊಂಡರು. "ದುರುಗಪ್ಪನವರು ಸಮಿತಿ ಆಫೀಸಿನಾಗೆ ಕೂತು ಬರಿತಿದ್ರೇನಪ್ಪ?"

"ಇಲ್ಲ. ಯಾರು ಏನು ಕೇಳಿದ್ರೂ 'ಬೆಳಿಗ್ಗೆ ಬಾ' ಅಂತಿದ್ರು. ಬೆಳಿಗ್ಗೆ ಕಾಗದ ತಯಾರಿರ್ತಿತ್ತು."

ಆ ಮಧ್ಯಾಹ್ನ ಸಿದ್ದಲಿಂಗಮ್ಮ, ಅಜ್ಜಮ್ಮ ಇಬ್ಬರೂ ಸಮಿತಿಗೆ ಹೋದರು. ಕಾರ್ಯದರ್ಶಿ ಕೊಟ್ರಬಸಪ್ಪ ಕೆಟ್ಟವರಲ್ಲ, ನಿಯಮದ ಮನುಷ್ಯ. ಕಚೇರಿಯವರು ವಾಪಸು ಕಳಿಸಿದ್ದ ಮೂರು ಕಾಗದವನ್ನೂ ಲಕೋಟೆಗಳನ್ನೂ ಮುಂದಿಟ್ಟರು. ಸಿದ್ದಲಿಂಗಮ್ಮ ಹಳೆಯ ಫೈಲು ಕೇಳಿ, ಹತ್ತು ಹದಿನೈದು ವರ್ಷದ ಹಿಂದಿನ ಕಾಗದಗಳನ್ನು ಪಕ್ಕಕ್ಕಿಟ್ಟುಕೊಂಡರು. ಅಕ್ಷರ ಒಂದೇ. ಹೊಸ ಮೂರರ ಸಹಿಯಲ್ಲಿ ಮಾತ್ರ ಕೂದಲೆಳೆಯಷ್ಟು ನಡುಕ.

"ಅವರ ಬರವಣಿಗೆ ನೋಡಿ ನೋಡಿ ಕಲ್ತಾನೆ ಜಂಪಣ್ಣ" ಎಂದರು ಕೊಟ್ರಬಸಪ್ಪ.

ಸಿದ್ದಲಿಂಗಮ್ಮ ಮೊದಲ ಕಾಗದ ಓದಿದರು. ಗೋವಿನಕೋವಿಯ ಕೆಂಪಕ್ಕನ ಮಗಳಿಗೆ ಹಾಸ್ಟೆಲ್ ಸೀಟು ಕೊಡಬೇಕೆಂದು. 'ತಾಯಿ ಹಸಿ ಬಾಣಂತಿ. ಕೂಸು ನೋಡಿಕೊಳ್ಳಲೆಂದು ಹುಡುಗಿಯನ್ನು ಶಾಲೆ ಬಿಡಿಸಿದ್ದಾರೆ. ತಾಯಿಗೆ ಅದು ಸಮ್ಮತವಿಲ್ಲ, ಹೇಳಲಾರಳು.' ಕೊನೆಯ ಸಾಲನ್ನು ಎರಡು ಸಲ ಓದಿದರು. ಅಜ್ಜಮ್ಮ ಸುಮ್ಮನೆ ಕೂರಲಾಗದೆ ಒಂದು ಲಕೋಟೆ ಎತ್ತಿ ಮೂಸಿದಳು.

"ಇದು ಗೋಂದು ಅಲ್ರೀ ಟೀಚರಮ್ಮ. ಜೋಳದ ಅಂಬಲಿ ಹಚ್ಚಿ ಮೆತ್ತ್ಯಾರೆ. ಹುಳಿ ನಾರ್ತೈತೆ."

ಮೇಜಿನ ಮೇಲೆ ಗೋಂದಿನ ಬಾಟಲಿ ತುಂಬಿತ್ತು. ಸಿದ್ದಲಿಂಗಮ್ಮ ಅದನ್ನು ನೋಡಿದರು, ಅಜ್ಜಮ್ಮನನ್ನು ನೋಡಿದರು. ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದರು: "ನಾಳೆ ಎಲ್ಲರನ್ನೂ ದುರುಗಪ್ಪನವರ ಮನೆಗೇ ಕರಿ. ಅದಕ್ಕೆ ಮುಂಚೆ ನಾನೊಬ್ಬಳೇ ಹೋಗಿ ಆ ಮನೆಯೋರಿಗೆ ಒಂದು ಮಾತು ತಿಳಿಸಿ ಬರ್ತೀನಿ."

ಭಾನುವಾರ ಬೆಳಿಗ್ಗೆ ದುರುಗಪ್ಪನವರ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಗೋಡೆ ತುಂಬ ಸನ್ಮಾನದ ಫೋಟೋಗಳು. ಒಂದರಲ್ಲೂ ಅವರ ಹೆಂಡತಿ ಹನುಮಂತಮ್ಮ ಇಲ್ಲ ಎಂಬುದನ್ನು ಅಜ್ಜಮ್ಮ ಅಂದೇ ಗಮನಿಸಿದಳು. ಇಪ್ಪತ್ತು ವರ್ಷ ಈ ಮನೆಗೆ ಬಂದು ಹೋಗಿದ್ದಳು. ಆದರೆ ಹಿತ್ತಲ ಬಾಗಿಲಿಂದ. ಹೆಂಗಸರೆಲ್ಲ ಹಾಗೆಯೇ. ಹನುಮಂತಮ್ಮ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದರು. ಸೀರೆಯ ಅಂಚಷ್ಟೇ ಕಾಣುತ್ತಿತ್ತು.

"ಮೋಸ ಮಾಡೋನು ಹಿಂದಿನ ತಾರೀಖು ಹಾಕ್ತಾನೆ" ಎಂದು ಸಿದ್ದಲಿಂಗಮ್ಮ ಶುರು ಮಾಡಿದರು. "ಮಾರ್ಚ್ ಎರಡು ಅಂತ ಹಾಕಿದ್ರೆ ಯಾರಿಗೂ ಅನುಮಾನ ಬರ್ತಿರಲಿಲ್ಲ. ಬರೆದ ಕೈಗೆ ಸುಳ್ಳು ತಾರೀಖು ಹಾಕೋದು ತೋಚೇ ಇಲ್ಲ. ರೂಢಿಯಂಗೆ ಬರೆದೈತೆ. ಅಂದ್ರೆ ಬಹಳ ವರ್ಷದಿಂದ ಬರಿತಿರೋ ಕೈ."

"ಇರಬಹುದು. ಜಂಪಣ್ಣನೂ ಹದಿನೆಂಟು ವರ್ಷದಿಂದ ಐದಾನೆ" ಎಂದರು ಕೊಟ್ರಬಸಪ್ಪ.

"ಸಮಿತಿ ಮೇಜಿನ ಮೇಲೆ ಗೋಂದು ಐತೆ. ಲಕೋಟೆ ಮೆತ್ತಿದ್ದು ಅಂಬಲಿಯಿಂದ. ಕಾಗದ ಹುಟ್ಟಿದ್ದು ಒಲೆ ಇರೋ ಕಡೆ. ಇನ್ನು ಕೆಂಪಕ್ಕ. ಮೈಲಿಗೆ ಮುಗಿಯದ ಬಾಣಂತಿ ಗಂಡಸರ ಎದುರಿಗೆ ಬಂದು ತನ್ನ ಮನಸ್ಸು ಹೇಳ್ತಾಳೇನು? ಅವಳ ಪರವಾಗಿ ತಾಯಿನೋ ಅತ್ತೆನೋ ಬರಬೇಕು. ಅವರೂ ಜಗಲಿಗೆ ಬರಲ್ಲ, ಹಿತ್ತಲಿಗೆ ಬರ್ತಾರೆ."

ಸಿದ್ದಲಿಂಗಮ್ಮ ಬೆರಳು ಮಡಚಿ ದಿನ ಎಣಿಸಿದರು.

"ಕೊನೆಗೊಂದು. ದುರುಗಪ್ಪನವರು ಹೋಗಿದ್ದು ನಾಲ್ಕಕ್ಕೆ. ಹದಿನಾಲ್ಕರ ತನಕ ಒಂದೂ ಕಾಗದ ಇಲ್ಲ. ಹದಿನೈದಕ್ಕೆ ಶುರು. ಆ ಹನ್ನೊಂದು ದಿನ ವಾಚನಾಲಯ ತೆಗೆದೇ ಇತ್ತು, ಜಂಪಣ್ಣ ದಿನಾ ಬಂದಾನೆ. ಕೊಟ್ರಬಸಪ್ಪನೋರೇ, ಆ ಸೂತಕ ನಿಮಗಿರಲಿಲ್ಲ, ನನಗಿರಲಿಲ್ಲ, ಜಂಪಣ್ಣನಿಗೂ ಇರಲಿಲ್ಲ. ಸೂತಕ ಇದ್ದದ್ದು ಒಂದೇ ಮನೆಗೆ." ಅವರು ಅಲ್ಲಿಗೆ ನಿಲ್ಲಿಸಿದರು. "ಮುಂದಿನದು ನಾನು ಹೇಳೋದಲ್ಲ."

ಅಜ್ಜಮ್ಮನಿಗೆ ಈಗ ಅರ್ಥವಾಯಿತು. ಹೇಳಿದರೆ ದುರುಗಪ್ಪನವರ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಜಂಪಣ್ಣನ ಅನ್ನ. ಬಾಗಿಲ ಮರೆಯ ಸೀರೆಯಂಚು ಅಲ್ಲಾಡಿತು.

ಆಮೇಲೆ ಹನುಮಂತಮ್ಮ ಹೊರಗೆ ಬಂದರು.

"ಅವರಿಗೆ ಸಹಿ ಒಂದೇ ಬರ್ತಿದ್ದದ್ದು" ಎಂದರು. ಧ್ವನಿ ತಗ್ಗಿಸಲಿಲ್ಲ. "ಉಬ್ರಾಣಿಯಾಗೆ ನಮ್ಮಪ್ಪ ನಂಗೆ ಅಕ್ಷರ ಕಲಿಸಿದ್ದ. ಸಂಜೆ ಒಲೆ ಮುಂದೆ ಕುಂತು ಅವರು ಹೇಳೋರು, ನಾನು ಬರಿಯೋಳು. ಹೆಂಗಸರದ್ದು ನಾನೇ ಅವರಿಗೆ ಹೇಳ್ತಿದ್ದೆ. ಊರಿಗೆಲ್ಲ ಆದ ಮನುಷ್ಯ ನನ್ನ ಕೂಡೆ ಮಾತಾಡ್ತಿದ್ದದ್ದು ಆ ಒಂದು ಹೊತ್ತು."

"ಮತ್ತೆ ಅವರು ಹೋದ ಮೇಲೆ, ಅತ್ತಿಗಮ್ಮ?" ಕೊಟ್ರಬಸಪ್ಪನವರ ದನಿ ಇಳಿದಿತ್ತು.

"ಹನ್ನೆರಡನೇ ದಿನ ಕೆಂಪಕ್ಕನ ತಾಯಿ ಹಿತ್ತಲ ಬಾಗಿಲು ತಟ್ಟಿದ್ಲು. ಬರೆಯೋರು ಹೋದ್ರು ಅನ್ನಾಕೆ ಬಾಯಿ ಬರ್ಲಿಲ್ಲ. ಬರೆಯೋಳು ಇದ್ನಲ್ಲ. ಪ್ಯಾಡು ಮನೆಯಾಗೊಂದಿತ್ತು. ಅವರ ಸಹಿನೂ ನಾನೇ ಹಾಕಿದೆ. ನಮ್ಮ ಜಂಪಣ್ಣನ ಮ್ಯಾಲೆ ಬರ್ತೈತೆ ಅಂತ ಗೊತ್ತಿರಲಿಲ್ಲಪ್ಪ."

ಜಂಪಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ. ಕೊಟ್ರಬಸಪ್ಪ ಗೋಡೆಯ ಫೋಟೋಗಳ ಕಡೆ ನೋಡಿದರು, ಒಂದೊಂದನ್ನೂ ಹೊಸದಾಗಿ ನೋಡುವವರಂತೆ. ಕೊನೆಗೆ, "ಜಂಪಣ್ಣನದು ತಪ್ಪಿಲ್ಲ ಅಂತ ಹೊನ್ನಾಳಿಗೆ ಒಂದು ಕಾಗದ ಬರೆದುಕೊಡ್ರಿ. ಠಾಣೆ ಮಾತು ಬಿಡ್ರಿ. ಆ ಹುಡುಗಿ ಅರ್ಜಿ ಸಮಿತಿಯಿಂದಲೇ ಮತ್ತೆ ಕಳಿಸ್ತೀನಿ" ಎಂದರು.

ಹನುಮಂತಮ್ಮ ಚಾಪೆಯ ಮೇಲೆ, ಎಲ್ಲರ ಎದುರಿಗೆ, ಕೂತು ಬರೆದರು. ಮೊದಲು ತಾರೀಖು. ಅಕ್ಷರಗಳು ನೀರು ಹರಿದಂತೆ ಬಂದವು. ಕೆಳಗೆ ಸಹಿಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಊರವರ ಹೆಸರನ್ನೆಲ್ಲ ಕಣ್ಣು ಮುಚ್ಚಿಯೂ ಬರೆಯುತ್ತಿದ್ದ ಕೈ, ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ, ಒಂದನೇ ಇಯತ್ತೆಯ ಮಗುವಿನಂತೆ ಬರೆಯಿತು.

ಎಲ್ಲರೂ ಎದ್ದು ಹೋದರು. ಸಿದ್ದಲಿಂಗಮ್ಮನೂ ಹೋದರು. ಅಜ್ಜಮ್ಮ ಮಾತ್ರ ಹೊಸಿಲ ಹತ್ತಿರ ಸೆರಗಿನ ತುದಿ ಸುತ್ತುತ್ತ ಉಳಿದಳು. ಸಾವಿರಾರು ಮಕ್ಕಳು ಓದು ಕಲಿತ ಶಾಲೆಯಲ್ಲಿ ಗಂಟೆ ಬಾರಿಸಿದ ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ.

"ಹನುಮಂತಕ್ಕ, ಜಗಳೂರಾಗೆ ನನ್ನ ತಂಗಿ ಐದಾಳೆ. ಜಗಳ ಆಡಿ ಹನ್ನೊಂದು ವರ್ಷಾತು. ಒಂದು ಕಾಗದ ಬರಿಬೇಕಿತ್ತು. ಟೀಚರಮ್ಮಂಗೆ ಹೇಳಾಕೆ ನಾಚಿಕೆ."

"ಬೆಳಿಗ್ಗೆ ಬಾ" ಎಂದರು ಹನುಮಂತಮ್ಮ, ರೂಢಿಯಂತೆ.

ಅಂದವರೇ ಖಾಲಿ ಪಡಸಾಲೆಯನ್ನೊಮ್ಮೆ ನೋಡಿದರು. ಚಾಪೆಯ ಇನ್ನೊಂದು ತುದಿಯನ್ನು ಕೈಯಿಂದ ಒರೆಸಿದರು.

"ಬ್ಯಾಡ. ಇಲ್ಲೇ ಕುಂದ್ರು ಅಜ್ಜಮ್ಮ. ನೀನು ಹೇಳು, ನಾನು ಬರಿತೀನಿ."