ದೀಪದ ಮುಂದಿಟ್ಟ ಸೇಬಿನ ಪೈ

ತಟ್ಟೆ ಬಿದ್ದ ಸದ್ದಿಗೆ ಮನೋರಮಾ ಅಡುಗೆಮನೆಯಿಂದ ಓಡಿಬಂದಾಗ ಕರ್ನಲ್ ಪೆಮ್ಮಯ್ಯ ಊಟದ ಮೇಜಿನ ಪಕ್ಕದಲ್ಲಿ ನೆಲಕ್ಕುರುಳಿದ್ದರು. ದೆಹಲಿಯ ದ್ವಾರಕಾದ ಆ ಫ್ಲ್ಯಾಟಿನಲ್ಲಿ ಒಂದು ಗಳಿಗೆ ಯಾರಿಗೂ ಕೈಕಾಲು ಆಡಲಿಲ್ಲ. ಮೊದಲು ಎಚ್ಚೆತ್ತವರು ಎದುರುಮನೆಯ ಬೋಜಮ್ಮ. ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ನಿವೃತ್ತರಾದ ಅವರು ಮಂಡಿಯೂರಿ ನಾಡಿ ಹಿಡಿದರು. ಕರ್ನಲ್ಲರು ಅರೆಗಣ್ಣು ತೆರೆದು, "ಮಾಚಮ್ಮ ಬಂದಳಾ?" ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದರು.

ಮಾಚಮ್ಮ ಕರ್ನಲ್ಲರ ಹೆಂಡತಿ. ತೀರಿಕೊಂಡು ವರ್ಷಗಳೇ ಆಗಿದ್ದವು.

ಆ ಕಾಲೋನಿಯಲ್ಲಿ ಉಂಗುರ ಕಳೆದರೂ, ಬೆಕ್ಕು ಕಾಣದಿದ್ದರೂ ಜನ ಹುಡುಕುತ್ತಿದ್ದದ್ದು ಬೋಜಮ್ಮನವರನ್ನು. ಅವರ ಹಿಂದೆ ಬಾಲದಂತೆ ಹೋಗುವುದು ಕೆಳಮನೆಯ ಮನೋರಮಾಳ ಕೆಲಸ. ಆದರೆ ಅಂದು ಇಬ್ಬರೂ ಬಂದದ್ದು ಊಟಕ್ಕೆ. ಹೆಂಡತಿಯ ಪತ್ತಾಕನ್ನು, ಕೊಡವ ಹೆಂಗಸರು ಕೊರಳಿಗೆ ಹಾಕುವ ಆ ಚಿನ್ನದ ಪದಕವನ್ನು, ಕರ್ನಲ್ಲರು ಊಟವಾದ ಮೇಲೆ ಸೊಸೆ ಧಾರಿಣಿಯ ಕೈಗೆ ಕೊಡುವವರಿದ್ದರು.

ಸಂಜೆ ಮಗ ತನ್ಮಯ್ ಆಸ್ಪತ್ರೆಯಿಂದ ಬಂದವನೇ ಕುರ್ಚಿಯಲ್ಲಿ ಕುಸಿದ.

"ನಿದ್ದೆಮಾತ್ರೆಯಂತೆ. ಅಪ್ಪನ ಹಾರ್ಟಿನ ಗುಳಿಗೆ ಜೊತೆ ಸೇರಿ ಬಿಪಿ ಬಿದ್ದುಹೋಗಿದೆ. ಅಭೀ ಭೀ ಹೋಶ್ ನಹೀ ಹೈ, ಇನ್ನೂ ಪ್ರಜ್ಞೆ ಬಂದಿಲ್ಲ."

"ಅಪ್ಪ ತಿಂದದ್ದು ಆ ಸೇಬಿನ ಪೈ ಒಂದೇ. ಮಾಡಿದ್ದು ಈ ಧಾರಿಣಿ," ಎಂದಳು ಅವನ ಅಕ್ಕ ಚಿಣ್ಣಮ್ಮ. ಗುರುಗ್ರಾಮದಿಂದ ಬೆಳಗ್ಗೆಯೇ ಬಂದಿದ್ದ ಅವಳು ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. "ಪೊಲೀಸರಿಗೆ ಹೇಳು, ತನ್ಮಯ್."

ಧಾರಿಣಿ ಗಂಡನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ, ಫೋನು ಕೈಗೆತ್ತಿಕೊಂಡ. ಮನೋರಮಾ ಧಾರಿಣಿಯ ಪಕ್ಕಕ್ಕೆ ಹೋಗಿ ನಿಂತಳು. ಮೈಸೂರಿನಿಂದ ಬಂದ ಹುಡುಗಿ, ಈ ಮನೆಯ ಒಂದೊಂದು ಪದ್ಧತಿಯನ್ನೂ ಕೇಳಿ ಕೇಳಿ ಕಲಿತವಳು, ರಾತ್ರಿಯನ್ನು ಠಾಣೆಯಲ್ಲಿ ಕಳೆಯಬೇಕೇ?

"ಒಂದು ನಿಮಿಷ ತಡಿ ಮೋನೆ," ಎಂದರು ಬೋಜಮ್ಮ, ಕೊಡವ ಮಾತಿನಲ್ಲಿ ಅವನನ್ನು ಮಗನೇ ಎಂದು ಕರೆದು. "ಎಲ್ಲರೂ ಮೇಜಿಗೆ ಬನ್ನಿ. ಆ ತಟ್ಟೆ, ಉಳಿದ ಪೈ ಎರಡನ್ನೂ ಮುಟ್ಟಬೇಡಿ ಅಂತ ಮಧ್ಯಾಹ್ನವೇ ಹೇಳಿದ್ದೆ. ಮನೋರಮಾ, ಊಟಕ್ಕೆ ಮುಂಚೆ ಇಲ್ಲಿ ಏನು ಜಗಳ ನಡೀತು, ಹೇಳಿ."

"ಜಗಳ ಏನು, ತಮಾಷೆ. ಸೇಬಿನ ವಿಷಯ." ಮನೋರಮಾ ನೆನಪು ಮಾಡಿಕೊಂಡಳು. "ಹಾಗೇ ತಿನ್ನೋಕೆ ಕಾಶ್ಮೀರದ ಅಂಬ್ರಿ, ಅದರ ಘಮ ಯಾವುದಕ್ಕೂ ಇಲ್ಲ ಅಂದ್ರು ಕರ್ನಲ್ಲರು. ತನ್ಮಯ್ ಹಿಮಾಚಲದ ಕಿನ್ನೌರಿನದು ಅಂದ. ಪೈಗಾದರೆ ಹಸಿರು ಹುಳಿ ಸೇಬೇ ಆಗಬೇಕು, ಬೆಂದರೂ ಹೋಳು ಹೋಳಾಗಿ ನಿಲ್ಲುತ್ತೆ ಅಂದಳು ಧಾರಿಣಿ. ನಮ್ಮಮ್ಮ ಹಾಕ್ತಿದ್ದದ್ದು ಕೆಂಪು ಡೆಲಿಷಿಯಸ್ ಸೇಬು, ಬಾಯಲ್ಲಿಟ್ಟರೆ ಕರಗ್ತಿತ್ತು ಅಂತ ಚಿಣ್ಣಮ್ಮ. ಕರ್ನಲ್ಲರು ನಕ್ಕು, ಸೊಸೆಯ ಪೈ ಚೆನ್ನಾಗಿರುತ್ತೆ, ಆದರೆ ಹುಳಿ, ಅರ್ಧ ಬಿಡ್ತೀನಿ ಅಂದ್ರು."

"ಅರ್ಧ ಬಿಡುವವರು," ಎಂದು ಬೋಜಮ್ಮ ಕರ್ನಲ್ಲರ ತಟ್ಟೆಯನ್ನು ಮುಂದಿಟ್ಟರು. ಚಮಚದಿಂದ ಗೀಚಿ ಗೀಚಿ ತಿಂದ ಗುರುತು. ಅಂಚಿನಲ್ಲಿ ಒಂದಿಷ್ಟು ಕಂದು ಮುದ್ದೆ ಅಂಟಿತ್ತು. ಆಮೇಲೆ ಅವರು ಉಳಿದ ಪೈಯನ್ನು ಚಾಕುವಿನಿಂದ ಸೀಳಿದರು. ಒಳಗೆ ಹೋಳುಗಳು ಒಂದರ ಮೇಲೊಂದು ಬಿಡಿಬಿಡಿಯಾಗಿ ನಿಂತಿದ್ದವು.

ಮನೋರಮಾ ಬಗ್ಗಿ ಎರಡನ್ನೂ ನೋಡಿದಳು. ಅವೆರಡೂ ಒಂದೇ ಪೈಯ ತುಂಡುಗಳಾಗಿರುವುದು ಸಾಧ್ಯವೇ ಇರಲಿಲ್ಲ.

"ಕರ್ನಲ್ಲರು ತಿಂದದ್ದು ಧಾರಿಣಿ ಮಾಡಿದ್ದಲ್ಲ," ಎಂದರು ಬೋಜಮ್ಮ. "ಈ ಮನೆಯಲ್ಲಿ ವಿಶೇಷ ಅಡುಗೆಯ ಮೊದಲ ಪಾಲು ಹಿರಿಯರಿಗೆ ಅಂತ ದೀಪದ ಮುಂದೆ ಇಡ್ತಾರೆ. ಆ ಪಾಲನ್ನು ತಿನ್ನೋದು ಕರ್ನಲ್ಲರೊಬ್ಬರೇ, ಅವರು ತಿಂದ ಮೇಲೆ ಉಳಿದವರಿಗೆ. ದೀಪದ ಮುಂದೆ ಇಟ್ಟದ್ದು ಯಾರ ಬಾಯಿಗೆ ಹೋಗುತ್ತೆ ಅಂತ ಮನೆಯವರಿಗೆ ಮಾತ್ರ ಗೊತ್ತು. ಯಾರೋ ಅಲ್ಲಿನ ತುಂಡು ಬದಲಾಯಿಸಿದರು. ಹೋಳು ನಿಲ್ಲೋ ಪೈಯಲ್ಲಿ ಮಾತ್ರೆಯ ಪುಡಿ ಅಡಗೋದಿಲ್ಲ. ಕರಗಿದ ಸಿಹಿ ಮುದ್ದೆಯಲ್ಲಿ ಕಲಸಿದರೆ ಕಾಣೋದೂ ಇಲ್ಲ, ಕಹಿಯೂ ತಿಳಿಯೋಲ್ಲ. ಬೀಳುವಾಗ ಅವರು ಮಾಚಮ್ಮ ಬಂದಳಾ ಅಂದದ್ದು ಭ್ರಾಂತಿಯಲ್ಲ. ಬಾಯಲ್ಲಿದ್ದದ್ದು ಅವಳ ಕೈರುಚಿ, ಕೆಂಪು ಸೇಬಿನ ಪೈ."

ತನ್ಮಯ್ ಮೆಲ್ಲನೆ ಅಕ್ಕನ ಕಡೆ ತಿರುಗಿದ.

"ಚಿಣ್ಣಮ್ಮ," ಎಂದರು ಬೋಜಮ್ಮ, "ಮಧ್ಯಾಹ್ನ ಧಾರಿಣಿ ನಿನ್ನ ಸಣ್ಣ ಡಬ್ಬಿ ಕೇಳಿದಳು, ನಿನ್ನ ಮಕ್ಕಳಿಗೆ ತಿಂಡಿ ತುಂಬೋಕೆ. ಖಾಲಿ ಇದೆ, ಹಾಗೇ ಇರಲಿ ಅಂದೆ ನೀನು. ತವರಿನಿಂದ ಖಾಲಿ ಡಬ್ಬಿ ಹೊತ್ತುಕೊಂಡು ಹೋಗೋ ಮಗಳನ್ನು ನಾನು ನೋಡಿಲ್ಲ. ತೆಗಿ."

ಚಿಣ್ಣಮ್ಮ ಕದಲಲಿಲ್ಲ. ತನ್ಮಯನೇ ಬ್ಯಾಗಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಒಂದು ತುಂಡು ಪೈ, ಬಿಡಿಬಿಡಿ ಹೋಳುಗಳು.

ಮನೋರಮಾಳಿಗೆ ನಂಬಿಕೆ ಬರಲಿಲ್ಲ. ಹೆತ್ತ ಮಗಳು, ತಾಯಿಯ ದೀಪದ ಎದುರು ನಿಂತು ಮಾಡಿದ ಕೆಲಸವೇ ಇದು?

"ಅಮ್ಮನ ಹಾಗೇ ಮಾಡಿ ತಂದೆ, ಮಾತ್ರೆ ಹಾಕಿದ್ದು ನಿದ್ದೆ ಬರಲಿ ಅಂತ ಅಷ್ಟೇ," ಎಂದಳು ಚಿಣ್ಣಮ್ಮ. "ಇವತ್ತೊಂದು ದಿನ ಪತ್ತಾಕು ಕೊಡೋದು ತಪ್ಪಲಿ, ನಾಳೆ ನಾನು ಮಾತಾಡ್ತೀನಿ ಅಂತ. ಅದು ಅಮ್ಮನ ಕೊರಳಲ್ಲಿದ್ದದ್ದು. ಅಮ್ಮನ ಯಾವುದೂ ಅವಳಿಗೆ ಬರೋಲ್ಲ. ಒಂದು ಪೈ ಕೂಡ."

"ಮತ್ತೆ ಪೊಲೀಸರಿಗೆ ಹೇಳು ಅಂದಿಯಲ್ಲ," ಎಂದರು ಬೋಜಮ್ಮ.

ಅಷ್ಟರಲ್ಲಿ ತನ್ಮಯನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ. ಅವನು ಸ್ಪೀಕರ್ ಒತ್ತಿದ. ಪ್ರಜ್ಞೆ ಬಂದಿದೆ, ಮಾತಾಡಲೇಬೇಕಂತೆ ಎಂದಳು ನರ್ಸು ಹಿಂದಿಯಲ್ಲಿ. ಆಮೇಲೆ ಕರ್ನಲ್ಲರ ದನಿ ಬಂತು, ಕ್ಷೀಣವಾಗಿ, ಸಂತೋಷವಾಗಿ.

"ತನ್ಮಯ್, ನಮ್ಮ ಧಾರಿಣಿ ಕೊನೆಗೂ ಮಾಚಮ್ಮನ ಪೈ ಕಲಿತುಬಿಟ್ಟಳಲ್ಲ. ಅದೇ ರುಚಿ ಕಣೋ. ನನಗೆ ಕಾಯಬೇಡಿ. ಆ ಪತ್ತಾಕು ಈಗಲೇ ಅವಳಿಗೆ ಕೊಡು. ಚಿಣ್ಣಮ್ಮನ ಕೈಯಿಂದಲೇ ಕೊಡಿಸು."

ಫೋನು ಕಟ್ಟಾಯಿತು. ಚಿಣ್ಣಮ್ಮ ಎದ್ದು ದೀಪದ ಹತ್ತಿರ ಹೋಗಿ, ಪತ್ತಾಕಿದ್ದ ಪೆಟ್ಟಿಗೆಯನ್ನು ತಂದು ಧಾರಿಣಿಯ ಮುಂದೆ ಹಿಡಿದಳು.